ವಿಮ್‌ಗೆ ಮೌಸ್, ಮೆನು ಸೇರಿಸಬಹುದೇ? ಸಿದ್ದಾಪುರದ ಓದುಗರಿಗೆ ಉತ್ತರ

ಪ್ರಶ್ನೆ: ಸಿದ್ದಾಪುರದ ಹತ್ತಿರದ ನಮ್ಮ ತೋಟದ ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತೇನೆ. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಮೂಲಕ ಸರ್ವರ್‌ಗೆ ಹೋಗಿ, ಅಲ್ಲೇ ಟರ್ಮಿನಲ್‌ನಲ್ಲಿ, ಅಂದರೆ ಬರೀ ಅಕ್ಷರಗಳ ಪರದೆಯಲ್ಲಿ, ಓಡುವ ವಿಮ್ ಎಂಬ ಎಡಿಟರ್‌ನಲ್ಲಿ ಫೈಲ್ ತಿದ್ದುವುದು ನನಗೆ ಅಭ್ಯಾಸ. ಈಗ ಇಬ್ಬರು ಹೊಸಬರು ಜೊತೆಗೆ ಸೇರಿದ್ದಾರೆ. ಮೌಸ್, ಮೆನು, ಟ್ಯಾಬ್ ಇಲ್ಲದಿದ್ದರೆ ಅವರಿಗೆ ಕೈ ಓಡುವುದಿಲ್ಲ. ಇವನ್ನೆಲ್ಲ ಟರ್ಮಿನಲ್ ಎಡಿಟರ್‌ಗೆ ಸೇರಿಸಬಹುದೇ? ಸೇರಿಸಿದರೆ ಕೀಬೋರ್ಡ್ ಅಭ್ಯಾಸ ಕೆಡುವುದಿಲ್ಲವೇ? ಮಳೆಗಾಲದಲ್ಲಿ ಇಲ್ಲಿ ನೆಟ್‌ವರ್ಕ್ ತೀರಾ ನಿಧಾನ, ಕರೆಂಟೂ ಹೋಗುತ್ತಿರುತ್ತದೆ. ಇನ್ನೊಂದು ತೊಂದರೆ: ನಮ್ಮ ಫೈಲ್‌ಗಳಲ್ಲಿ ಕನ್ನಡ ಸಾಲುಗಳಿವೆ, ಒತ್ತಕ್ಷರ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ವಿಮ್‌ನ ಗ್ರಾಫಿಕಲ್ ರೂಪವಾದ ಜಿವಿಮ್ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಸೇರಿಸಬಹುದು. ನೀವು ಕೇಳಿದ್ದರಲ್ಲಿ ಜಾಸ್ತಿ ಪಾಲು ವಿಮ್‌ನ ಒಳಗೆ ಈಗಾಗಲೇ ಇದೆ, ಅದನ್ನು ಎಬ್ಬಿಸಬೇಕು ಅಷ್ಟೆ. ಆದರೆ ನೀವು ಮಳೆಗಾಲದ ಮಾತು ಎತ್ತಿದ್ದೀರಿ. ಅದರಿಂದ ಉತ್ತರವೇ ಬದಲಾಗುತ್ತದೆ. ನಾನೂ ವಿರಾಜಪೇಟೆಯವನು. ಜುಲೈ ತಿಂಗಳಲ್ಲಿ ಒಂದು ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ ಎಂಬುದು ನನಗೂ ಗೊತ್ತು. ಹಾಗಾಗಿ ಯಾವ ಸೌಲಭ್ಯ ಬೇಕು ಎಂದು ಕೇಳುವ ಮೊದಲು, ಫೈಲ್ ಎಲ್ಲಿದೆ, ಎಡಿಟರ್ ಎಲ್ಲಿ ಓಡುತ್ತಿದೆ, ಪರದೆಯ ಚಿತ್ರವನ್ನು ಯಾರು ಬಿಡಿಸುತ್ತಿದ್ದಾರೆ ಎಂದು ಕೇಳಿಕೊಳ್ಳಿ. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಮಾಡಿ.

ವಿಮ್‌ನ ಅಜ್ಜ ವಿಐ. ಬಿಲ್ ಜಾಯ್ ಅದನ್ನು 1976ರಲ್ಲಿ ಬರ್ಕ್ಲಿಯಲ್ಲಿ ಬರೆದರು. ಆಗ ಅವರ ಬಳಿ ಇದ್ದದ್ದು 300 ಬಾಡ್ ಮೋಡೆಮ್. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 24 ಸಾಲು, ಸಾಲಿಗೆ 80 ಅಕ್ಷರ ಇರುವ ಪರದೆಯಲ್ಲಿ 1920 ಅಕ್ಷರ ಹಿಡಿಯುತ್ತದೆ. ಅದನ್ನು ಪೂರ್ತಿ ತುಂಬಿಸಲು ಒಂದು ನಿಮಿಷಕ್ಕಿಂತ ಜಾಸ್ತಿ ಬೇಕು. ವಿಐ ಯಾಕೆ ಅಷ್ಟು ಮಿತವಾಗಿ ಮಾತಾಡುತ್ತದೆ, ಯಾಕೆ ಒಂದೊಂದು ಅಕ್ಷರಕ್ಕೂ ಒಂದು ಕೆಲಸ ಇದೆ ಎಂಬುದು ಇದರಿಂದ ತಿಳಿಯುತ್ತದೆ. ಅವರು ಬಳಸಿದ ಎಡಿಎಂ-3ಎ ಟರ್ಮಿನಲ್‌ನ ಎಚ್, ಜೆ, ಕೆ, ಎಲ್ ಕೀಗಳ ಮೇಲೆಯೇ ಬಾಣದ ಗುರುತು ಇತ್ತು. ನಾವು ಇವತ್ತಿಗೂ ಅದೇ ಕೀಗಳಲ್ಲಿ ಕರ್ಸರ್ ಓಡಿಸುತ್ತೇವೆ. ಆ ಎಡಿಟರ್ ಹುಟ್ಟಿದ್ದೇ ನಿಧಾನದ ಲೈನಿಗಾಗಿ. ಆಗಸ್ಟ್ ತಿಂಗಳ ಸಿದ್ದಾಪುರಕ್ಕೆ ಅದು ಹೊಂದುವುದು ಅದಕ್ಕೇ.

ಇದಕ್ಕೆ ಎದುರಾಗಿ ಒಂದು ಸಾಮಾನ್ಯ ಗ್ರಾಫಿಕಲ್ ಪರದೆಯನ್ನು ನೋಡಿ. 1920ಕ್ಕೆ 1080 ಎಂದರೆ 20 ಲಕ್ಷಕ್ಕೂ ಜಾಸ್ತಿ ಚುಕ್ಕಿಗಳು. ಅದನ್ನು ಎಷ್ಟೇ ಒತ್ತಿ ಕುಗ್ಗಿಸಿದರೂ ಅಕ್ಷರ ಕಳಿಸಿದಷ್ಟು ಹಗುರ ಆಗುವುದಿಲ್ಲ. ಸರ್ವರ್‌ನಲ್ಲೇ ಜಿವಿಮ್ ಓಡಿಸಿ, ಅದರ ಕಿಟಕಿಯನ್ನು ಎಕ್ಸ್ ಫಾರ್ವರ್ಡಿಂಗ್ ಮೂಲಕ ಮನೆಗೆ ತರಿಸಿಕೊಳ್ಳುವ ಯೋಚನೆ ನಿಮ್ಮ ಹುಡುಗರಿಗೆ ಬಂದರೆ ಈಗಲೇ ಬೇಡ ಎನ್ನಿ. ಅಲ್ಲಿ ಒಂದು ಮೆನು ತೆರೆಯಲೂ ಲೈನ್‌ನಲ್ಲಿ ಹಲವು ಸಲ ಹೋಗಿಬರಬೇಕು. ಕ್ಲಿಕ್ ಮಾಡಿ ಕಾಯುತ್ತಾ ಕೂರಬೇಕಾಗುತ್ತದೆ.

ಮೌಸ್‌ನ ಕಥೆ ಹಾಗಲ್ಲ. ಟರ್ಮಿನಲ್‌ನಲ್ಲಿ ಮೌಸ್ ಅಂದರೆ ಬರೀ ಇನ್ನಷ್ಟು ಅಕ್ಷರಗಳು. 12ನೇ ಸಾಲಿನ 40ನೇ ಮನೆಯಲ್ಲಿ (ಒಂದು ಅಕ್ಷರ ಕೂರುವ ಜಾಗ) ಕ್ಲಿಕ್ ಮಾಡಿದರೆ ನಿಮ್ಮ ಟರ್ಮಿನಲ್ ಎಸ್ಕೇಪ್‌ನಿಂದ ಶುರುವಾಗುವ 11 ಬೈಟ್‌ಗಳ ಸಂದೇಶ ಕಳಿಸುತ್ತದೆ. ಬೆರಳು ಎತ್ತಿದಾಗ ಇನ್ನೊಂದು 11. ನಿಧಾನದ ಲೈನಿಗೂ ಇದು ಭಾರವಲ್ಲ. ವಿಮ್‌ನಲ್ಲಿ ಕೋಲನ್ ಒತ್ತಿ ‘ಸೆಟ್ ಮೌಸ್=ಎ’ ಎಂದು ಕೊಟ್ಟರೆ ಸಾಕು. ಕ್ಲಿಕ್ ಮಾಡಿದಲ್ಲಿಗೆ ಕರ್ಸರ್ ಹೋಗುತ್ತದೆ. ಚಕ್ರ ತಿರುಗಿಸಿದರೆ ಪುಟ ಸರಿಯುತ್ತದೆ. ಮೇಲಿನ ಟ್ಯಾಬ್‌ಗಳನ್ನು ಒತ್ತಬಹುದು, ಎರಡು ಕಿಟಕಿಗಳ ನಡುವಿನ ಸ್ಟೇಟಸ್ ಸಾಲನ್ನು ಹಿಡಿದು ಎಳೆಯಬಹುದು. ವಿಮ್‌ನಿಂದಲೇ ಕವಲೊಡೆದ ನಿಯೋವಿಮ್ ಎಂಬ ಎಡಿಟರ್‌ನಲ್ಲಿ 2022ರ 0.8 ಆವೃತ್ತಿಯಿಂದ ಮೌಸ್ ತಾನಾಗಿಯೇ ಆನ್ ಇರುತ್ತದೆ, ಬಲ ಬಟನ್ ಒತ್ತಿದರೆ ಸಣ್ಣ ಮೆನುವೂ ಬರುತ್ತದೆ.

ಇಲ್ಲಿ ಹೊಸಬರು ಸಿಕ್ಕಿಬೀಳುವ ಜಾಗ ಒಂದಿದೆ. ಸೆಟ್ಟಿಂಗ್ ಫೈಲ್ ಇಲ್ಲದ ಹೊಸ ಖಾತೆಯಲ್ಲಿ ವಿಮ್ 8 ತನ್ನದೇ ಡೀಫಾಲ್ಟ್ಸ್ ಫೈಲನ್ನು ಓದುತ್ತದೆ, ಅದರಲ್ಲಿ ಮೌಸ್ ಆನ್ ಇರುತ್ತದೆ. ಆಮೇಲೆ ಯಾರೋ ಹೇಳಿದರೆಂದು ಒಂದೇ ಒಂದು ಸಾಲಿನ ವಿಮ್‌ಆರ್‌ಸಿ, ಅಂದರೆ ನಿಮ್ಮದೇ ಸೆಟ್ಟಿಂಗ್ ಫೈಲ್, ಮಾಡುತ್ತೀರಿ. ತಕ್ಷಣ ಮೌಸ್ ಮಾಯ, ಬಣ್ಣವೂ ಮಾಯ. ಏನೂ ಕೆಟ್ಟಿಲ್ಲ. ನಿಮ್ಮ ಫೈಲ್ ಬಂದ ಮೇಲೆ ವಿಮ್ ತನ್ನ ಡೀಫಾಲ್ಟ್ಸ್ ಓದುವುದನ್ನು ಬಿಡುತ್ತದೆ. ನಿಮ್ಮ ವಿಮ್‌ಆರ್‌ಸಿಯ ಮೊದಲ ಸಾಲಿನಲ್ಲೇ ಡೀಫಾಲ್ಟ್ಸ್ ಡಾಟ್ ವಿಮ್ ಅನ್ನು ಸೋರ್ಸ್ ಮಾಡಿಬಿಡಿ, ಅಂದರೆ ಅದನ್ನೂ ಓದು ಎಂದು ಹೇಳಿಬಿಡಿ. ಇನ್ನೊಂದು ವಿಷಯ ಅಗಲದ ಪರದೆಯದು. ಹಳೆಯ ಮೌಸ್ ಸಂದೇಶದಲ್ಲಿ ಜಾಗವನ್ನು ಒಂದೇ ಬೈಟ್‌ನಲ್ಲಿ ಹೇಳುತ್ತಿದ್ದರು. ಅದರಿಂದ 223ನೇ ಮನೆಯ ಆಚೆ ಕ್ಲಿಕ್ ಕೆಲಸ ಮಾಡುತ್ತಿರಲಿಲ್ಲ. ‘ಸೆಟ್ ಟಿಟಿವೈಮೌಸ್=ಎಸ್‌ಜಿಆರ್’ ಎಂದರೆ ಆ ಮಿತಿ ಹೋಗುತ್ತದೆ.

ಮೌಸ್ ಆನ್ ಮಾಡಿದರೆ ಒಂದು ನಷ್ಟವೂ ಇದೆ. ಮೊದಲು ಟರ್ಮಿನಲ್‌ನಲ್ಲಿ ಎಳೆದು ಕಾಪಿ ಮಾಡುತ್ತಿದ್ದಿರಿ ಅಲ್ವಾ, ಅದು ನಿಂತುಹೋಗುತ್ತದೆ. ಯಾಕೆಂದರೆ ಈಗ ಎಳೆತವೆಲ್ಲ ವಿಮ್‌ಗೆ ಹೋಗುತ್ತದೆ. ಲಿನಕ್ಸ್‌ನ ಹೆಚ್ಚಿನ ಟರ್ಮಿನಲ್‌ಗಳಲ್ಲಿ ಶಿಫ್ಟ್ ಹಿಡಿದು ಎಳೆದರೆ ಹಳೆಯ ರೀತಿ ಸಿಗುತ್ತದೆ. ವಿಮ್‌ನೊಳಗೆ ಕಾಪಿ ಮಾಡಿದ್ದು ಮನೆಯ ಬ್ರೌಸರ್‌ನಲ್ಲಿ ಪೇಸ್ಟ್ ಆಗಬೇಕೆಂದರೆ ದಾರಿ ಬೇರೆ. ಸರ್ವರ್‌ನ ವಿಮ್‌ಗೆ ಕಾಣುವುದು ಸರ್ವರ್‌ನ ಕ್ಲಿಪ್‌ಬೋರ್ಡ್, ನಿಮ್ಮದಲ್ಲ. ಒಎಸ್‌ಸಿ 52 ಎಂಬ ಸಂದೇಶ ಈ ಕೆಲಸಕ್ಕೆಂದೇ ಇದೆ. ಎಡಿಟರ್ ಆ ಪಠ್ಯವನ್ನು ಟರ್ಮಿನಲ್‌ಗೆ ಕಳಿಸುತ್ತದೆ, ಟರ್ಮಿನಲ್ ಅದನ್ನು ನಿಮ್ಮ ಮನೆಯ ಕ್ಲಿಪ್‌ಬೋರ್ಡ್‌ಗೆ ಹಾಕುತ್ತದೆ. 2024ರ ನಿಯೋವಿಮ್ 0.10ರಲ್ಲಿ ಇದು ಒಳಗೇ ಇದೆ. ಎಲ್ಲ ಟರ್ಮಿನಲ್‌ಗಳೂ ಇದನ್ನು ಒಪ್ಪುವುದಿಲ್ಲ, ಮೊದಲು ಒಂದು ಸಲ ಪರೀಕ್ಷಿಸಿ.

ಪೇಸ್ಟ್ ವಿಷಯದಲ್ಲಿ ನನಗೊಂದು ಪಾಠ ಆಗಿದೆ. ಹಳೆಯ ವಿಮ್ ಇದ್ದ ಒಂದು ಸರ್ವರ್‌ನಲ್ಲಿ, ಇನ್‌ಸರ್ಟ್ ಮೋಡ್‌ನಲ್ಲಿ (ಒತ್ತಿದ್ದು ಪಠ್ಯವಾಗಿ ಸೇರುವ ಸ್ಥಿತಿ) ಇದ್ದೇನೆ ಎಂದುಕೊಂಡು ಮೌಸ್‌ನ ನಡುವಿನ ಬಟನ್‌ನಿಂದ ಹತ್ತು ಸಾಲು ಪೇಸ್ಟ್ ಮಾಡಿದೆ. ಇದ್ದದ್ದು ನಾರ್ಮಲ್ ಮೋಡ್, ಅಲ್ಲಿ ಒತ್ತಿದ್ದೆಲ್ಲ ಕಮಾಂಡ್. ಪೇಸ್ಟ್ ಆದ ಪ್ರತಿ ಅಕ್ಷರವೂ ಕಮಾಂಡ್ ಆಗಿ ಓಡಿತು. ಸಾಲುಗಳು ಅಳಿಸಿದವು, ಎಲ್ಲೆಲ್ಲೋ ಅಕ್ಷರ ಸೇರಿತು. ಗಮನಿಸದೆ ಸೇವ್ ಮಾಡಿದ್ದೆ. ಬ್ಯಾಕಪ್‌ನಿಂದ ಫೈಲ್ ವಾಪಸ್ ತರಬೇಕಾಯಿತು. ಈಗಿನ ಟರ್ಮಿನಲ್‌ಗಳು ಪೇಸ್ಟ್‌ನ ಮೊದಲಿಗೂ ಕೊನೆಗೂ ಒಂದೊಂದು ಗುರುತು ಹಾಕಿ ಕಳಿಸುತ್ತವೆ. ವಿಮ್ 8 ಅದನ್ನು ಗುರುತಿಸಿ, ಬಂದದ್ದನ್ನು ಸುಮ್ನೆ ಪಠ್ಯವಾಗಿ ಸೇರಿಸುತ್ತದೆ. ಗ್ರಾಫಿಕಲ್ ಲೋಕದಿಂದ ಟರ್ಮಿನಲ್‌ಗೆ ಬಂದ ಸೌಲಭ್ಯಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಇದು. ಕಣ್ಣಿಗೆ ಕಾಣುವುದೇ ಇಲ್ಲ.

ಅದೇ ಕಾರಣಕ್ಕೆ ಎರಡನೇ ಸ್ಥಾನ ನಾನು ಕರ್ಸರ್‌ನ ಆಕಾರಕ್ಕೆ ಕೊಡುತ್ತೇನೆ. ನಾರ್ಮಲ್ ಮೋಡ್‌ನಲ್ಲಿ ದಪ್ಪ ಚೌಕ, ಇನ್‌ಸರ್ಟ್ ಮೋಡ್‌ನಲ್ಲಿ ತೆಳು ಗೆರೆ. ಜಿವಿಮ್ ಮತ್ತು ನಿಯೋವಿಮ್‌ನಲ್ಲಿ ಇದು ತಾನಾಗಿಯೇ ಆಗುತ್ತದೆ. ಟರ್ಮಿನಲ್ ವಿಮ್‌ನಲ್ಲಿ ಎರಡು ಸಾಲು ಸೆಟ್ಟಿಂಗ್ ಬೇಕು. ‘ಹೆಲ್ಪ್ ಟರ್ಮ್‌ಕ್ಯಾಪ್-ಕರ್ಸರ್-ಶೇಪ್’ ಎಂದು ಕೊಟ್ಟರೆ ಉದಾಹರಣೆಯೇ ಸಿಗುತ್ತದೆ. ಹೊಸಬರು ವಿಮ್‌ನಲ್ಲಿ ಕಂಗಾಲಾಗುವುದು ಮೌಸ್ ಇಲ್ಲ ಎಂದಲ್ಲ, ತಾವು ಯಾವ ಮೋಡ್‌ನಲ್ಲಿ ಇದ್ದೇವೆ ಎಂದು ತಿಳಿಯದೆ. ಅದನ್ನು ಅವರ ಕಣ್ಣಿಗೆ ಕಾಣಿಸಿ, ಅರ್ಧ ಹೆದರಿಕೆ ಹೋಗುತ್ತದೆ.

ಈಗ ಮೆನುವಿಗೆ ಬರೋಣ. 1991ರಲ್ಲಿ ಬ್ರಾಮ್ ಮೂಲೆನಾರ್ ಅಮಿಗಾ ಕಂಪ್ಯೂಟರ್‌ಗಾಗಿ ವಿಮ್ ಬಿಡುಗಡೆ ಮಾಡಿದರು. 1996ರ 4.0 ಆವೃತ್ತಿಯಲ್ಲೇ ಗ್ರಾಫಿಕಲ್ ರೂಪ ಬಂತು, ಅಂದರೆ ಜಿವಿಮ್ ಹೊಸದೇನಲ್ಲ. ಜಿವಿಮ್‌ನ ಮೆನುಗಳನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಅನ್‌ಡೂ ಎಂಬುದರ ಪಕ್ಕದಲ್ಲಿ ‘ಯು’ ಎಂದಿರುತ್ತದೆ, ಸೇವ್ ಪಕ್ಕದಲ್ಲಿ ‘ಕೋಲನ್ ಡಬ್ಲ್ಯು’. ಹುಡುಗರು ಮೌಸ್‌ನಲ್ಲಿ ಅನ್‌ಡೂ ಒತ್ತಿದಷ್ಟು ಸಲವೂ ಆ ‘ಯು’ ಕಣ್ಣಿಗೆ ಬೀಳುತ್ತದೆ. ಒಂದು ವಾರದಲ್ಲಿ ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ಇದೇ ಮೆನು ಟರ್ಮಿನಲ್‌ನಲ್ಲೂ ಸಿಗುತ್ತದೆ ಎಂದು ಹಲವರಿಗೆ ಗೊತ್ತಿಲ್ಲ. ‘ಹೆಲ್ಪ್ ಕನ್ಸೋಲ್-ಮೆನುಸ್’ ಎಂದು ಕೊಡಿ. ಅಲ್ಲಿರುವ ಕೆಲವು ಸಾಲುಗಳನ್ನು ನಿಮ್ಮ ವಿಮ್‌ಆರ್‌ಸಿಗೆ ಹಾಕಿಕೊಂಡರೆ, ಎಫ್4 ಒತ್ತಿದಾಗ ಕೆಳಗಿನ ಸಾಲಿನಲ್ಲಿ ಫೈಲ್, ಎಡಿಟ್, ಟೂಲ್ಸ್ ಎಂದು ಮೆನು ಬರುತ್ತದೆ. ಬಾಣದ ಕೀಗಳಲ್ಲಿ ಓಡಾಡಬಹುದು. ವಿಮ್ 9 ಇದ್ದರೆ ‘ಸೆಟ್ ವೈಲ್ಡ್‌ಮೆನು’ ಜೊತೆಗೆ ‘ಸೆಟ್ ವೈಲ್ಡ್‌ಆಪ್ಷನ್ಸ್=ಪಮ್’ ಕೊಡಿ, ಆಯ್ಕೆಗಳು ಅಡ್ಡ ಸಾಲಿನ ಬದಲು ಉದ್ದದ ಪಟ್ಟಿಯಾಗಿ ಮೇಲೇಳುತ್ತವೆ. ನಿಯೋವಿಮ್‌ನಲ್ಲಿ ವಿಚ್-ಕೀ ಎಂಬ ಪ್ಲಗಿನ್ ಇದೆ. ಒಂದು ಕೀ ಒತ್ತಿ ತಡವರಿಸಿದರೆ, ಮುಂದೆ ಯಾವ ಕೀ ಒತ್ತಿದರೆ ಏನಾಗುತ್ತದೆ ಎಂದು ಪಟ್ಟಿ ತೋರಿಸುತ್ತದೆ. ಹೀಲಿಕ್ಸ್ ಎಂಬ ಹೊಸ ಎಡಿಟರ್‌ನಲ್ಲಿ ಇದು ಮೊದಲಿನಿಂದಲೇ ಇದೆ.

ಕೀಬೋರ್ಡ್ ಅಭ್ಯಾಸ ಕೆಡುತ್ತದೆಯೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕೀಯನ್ನು ತೋರಿಸಿಕೊಡುವ ಮೆನು ಅಭ್ಯಾಸ ಬೆಳೆಸುತ್ತದೆ. ಕೀಯನ್ನು ಮುಚ್ಚಿಡುವ ಮೆನು ಕೆಡಿಸುತ್ತದೆ. ಮೆಣಸಿನ ಬಳ್ಳಿಯನ್ನು ಮರಕ್ಕೆ ಹಬ್ಬಿಸುತ್ತೇವೆ, ಮರ ಕಡಿದು ಕಂಬ ನೆಡುವುದಿಲ್ಲ ಅಲ್ವಾ? ಅದಕ್ಕೇ ಎಂಎಸ್‌ವಿನ್ ಡಾಟ್ ವಿಮ್ ಎಂಬ ಫೈಲನ್ನು ನಾನು ಯಾರಿಗೂ ಹೇಳುವುದಿಲ್ಲ. ಅದು ಕಂಟ್ರೋಲ್-ಸಿ, ಕಂಟ್ರೋಲ್-ವಿಗಳನ್ನು ವಿಂಡೋಸ್‌ನಂತೆ ಮಾಡುತ್ತದೆ. ಆದರೆ ವಿಮ್‌ನಲ್ಲಿ ಕಂಟ್ರೋಲ್-ವಿ ಅಂದರೆ ಕಂಬಸಾಲಾಗಿ ಪಠ್ಯ ಹಿಡಿಯುವ ಕೀ. ಲೆಕ್ಕದ ಫೈಲ್‌ನಲ್ಲಿ ಒಂದು ಕಾಲಂ ಮಾತ್ರ ಎತ್ತಬೇಕಾದಾಗ ಅದಕ್ಕೆ ಸಮನಾದದ್ದು ಇಲ್ಲ. ಅದನ್ನು ಕಂಟ್ರೋಲ್-ಕ್ಯೂಗೆ ಸರಿಸಿದರೆ, ನಾಳೆ ಬೇರೆ ಸರ್ವರ್‌ನಲ್ಲಿ ಕೂತಾಗ ಕೈ ತಪ್ಪುತ್ತದೆ. ಹಾಗೆಯೇ ಕಂಟ್ರೋಲ್-ಎಸ್ ಒತ್ತಿ ಟರ್ಮಿನಲ್ ಕಲ್ಲಾಯಿತು ಎಂದು ಹುಡುಗರು ಓಡಿಬಂದರೆ ಕಂಟ್ರೋಲ್-ಕ್ಯೂ ಒತ್ತಲು ಹೇಳಿ. ಟರ್ಮಿನಲ್‌ನ ಹಳೆಯ ‘ನಿಲ್ಲು, ಮುಂದುವರಿ’ ಸಂಜ್ಞೆಗಳು ಅವು.

ಟ್ಯಾಬ್ ಬಗ್ಗೆ ಒಂದೇ ಮಾತು. ವಿಮ್‌ನ ಟ್ಯಾಬ್ ಅಂದರೆ ಒಂದು ಫೈಲ್ ಅಲ್ಲ, ಕಿಟಕಿಗಳ ಒಂದು ಜೋಡಣೆ. ತೆರೆದ ಫೈಲ್‌ಗಳಿಗೆ ಬಫರ್ ಎಂದು ಹೆಸರು. ಇದನ್ನು ಮೊದಲ ದಿನವೇ ಹೇಳಿಬಿಡಿ. ಫೈಲ್‌ಗಳ ಮರ ಬೇಕಾದರೆ ‘ಲೆಕ್ಸ್‌ಪ್ಲೋರ್’ ಕಮಾಂಡ್ (ಇದರ ಮೊದಲ ಅಕ್ಷರ ಮಾತ್ರ ದೊಡ್ಡಕ್ಷರ) ಸಾಕು, ಬೇರೆ ಪ್ಲಗಿನ್ ಬೇಡ.

ಇನ್ನು ಮಳೆ, ಕರೆಂಟ್, ಲೈನ್. ಇಲ್ಲಿ ನಿಯೋವಿಮ್ ಮಾಡಿದ ಕೆಲಸ ದೊಡ್ಡದು. 2014ರಲ್ಲಿ ಶುರುವಾದ ಈ ಯೋಜನೆ ಎಡಿಟರ್‌ನ ಮಿದುಳನ್ನೂ ಮುಖವನ್ನೂ ಬೇರೆ ಮಾಡಿತು. ಮಿದುಳು ಒಂದು ಕಡೆ ಓಡುತ್ತದೆ, ‘ಇಷ್ಟನೇ ಸಾಲಿನಲ್ಲಿ ಈ ಅಕ್ಷರ, ಈ ಬಣ್ಣ’ ಎಂದು ಸಂದೇಶ ಕಳಿಸುತ್ತದೆ. ಮುಖ ಅದನ್ನು ತನಗೆ ಬೇಕಾದ ಹಾಗೆ ಬಿಡಿಸುತ್ತದೆ. ಪಾಪ್‌ಅಪ್ ಮೆನು, ಕಮಾಂಡ್ ಸಾಲು, ಟ್ಯಾಬ್ ಸಾಲು ಇವುಗಳ ಮಾಹಿತಿಯನ್ನು ಬೇರೆಯಾಗಿ ಕೊಡು ಎಂದು ಮುಖ ಕೇಳಬಹುದು, ಕೇಳಿ ನಿಜವಾದ ಗ್ರಾಫಿಕಲ್ ಮೆನುವಾಗಿ ತೋರಿಸಬಹುದು. ನಿಯೋವೈಡ್, ನಿಯೋವಿಮ್-ಕ್ಯೂಟಿ, ಮ್ಯಾಕ್‌ಗೆ ವಿಮ್‌ಆರ್ ಎಲ್ಲವೂ ಇಂಥ ಮುಖಗಳೇ.

ನಿಮಗೆ ಇದರಿಂದ ಏನು ಲಾಭ? ಸರ್ವರ್‌ನಲ್ಲಿ ನಿಯೋವಿಮ್ ಅನ್ನು ‘ಹೆಡ್‌ಲೆಸ್’ (ಮುಖವಿಲ್ಲದೆ ಓಡು) ಮತ್ತು ‘ಲಿಸನ್’ (ಈ ವಿಳಾಸದಲ್ಲಿ ಕಾದಿರು) ಆಯ್ಕೆಗಳೊಂದಿಗೆ ಓಡಿಸಿ. ಎಸ್‌ಎಸ್‌ಎಚ್‌ನ ಟನಲ್ (ಆ ಸಂಪರ್ಕದೊಳಗಿನ ಸುರಂಗ) ಮೂಲಕ ಆ ವಿಳಾಸವನ್ನು ಮನೆಗೆ ತನ್ನಿ. ಮನೆಯ ನಿಯೋವೈಡ್‌ಗೆ ‘ಸರ್ವರ್’ ಆಯ್ಕೆಯಲ್ಲಿ ಅದನ್ನು ಕೊಡಿ. ಚಿತ್ರ ಮನೆಯಲ್ಲೇ ಬಿಡಿಸಲ್ಪಡುತ್ತದೆ, ಲೈನ್‌ನಲ್ಲಿ ಅಕ್ಷರ ಮಾತ್ರ ಓಡಾಡುತ್ತದೆ. ನಡುವೆ ನೆಟ್‌ವರ್ಕ್ ಸತ್ತರೆ ಮುಖ ಮಾತ್ರ ಹೋಗುತ್ತದೆ. ಮಿದುಳು ಸರ್ವರ್‌ನಲ್ಲಿ ಬದುಕಿರುತ್ತದೆ, ಸೇವ್ ಮಾಡದ ಸಾಲುಗಳೂ ಅಲ್ಲೇ ಇರುತ್ತವೆ. ಮತ್ತೆ ಲೈನ್ ಬಂದಾಗ ಜೋಡಿಸಿಕೊಳ್ಳಿ. ಒಂದೇ ಮಿದುಳಿಗೆ ಎರಡು ಮುಖ ಜೋಡಿಸಿದರೆ ಇಬ್ಬರಿಗೂ ಒಂದೇ ಪರದೆ ಕಾಣುತ್ತದೆ, ಹುಡುಗರಿಗೆ ಕಲಿಸಲು ಇದು ಬಹಳ ಚೆನ್ನಾಗಿದೆ. ಎಚ್ಚರ ಒಂದಿದೆ. ಲಿಸನ್‌ಗೆ ಪೋರ್ಟ್ ಸಂಖ್ಯೆ ಕೊಟ್ಟರೆ ಆ ಸರ್ವರ್‌ನ ಬೇರೆ ಬಳಕೆದಾರರೂ ನಿಮ್ಮ ಎಡಿಟರ್‌ಗೆ ನುಗ್ಗಿ ಕಮಾಂಡ್ ಓಡಿಸಬಹುದು. ಅದರ ಬದಲು ನಿಮ್ಮ ಹೋಮ್ ಫೋಲ್ಡರ್‌ನೊಳಗೆ ಸಾಕೆಟ್ ಫೈಲ್ (ವಿಳಾಸದಂತೆ ಕೆಲಸ ಮಾಡುವ ವಿಶೇಷ ಫೈಲ್) ಕೊಡಿ. ಎಸ್‌ಎಸ್‌ಎಚ್ ಅದನ್ನೂ ಟನಲ್ ಮಾಡುತ್ತದೆ.

ಆದರೆ ಇದರಿಂದ ತಡ ಪೂರ್ತಿ ಹೋಗುವುದಿಲ್ಲ. ಒತ್ತಿದ ಪ್ರತಿ ಕೀ ಇನ್ನೂ ಬೆಂಗಳೂರಿಗೆ ಹೋಗಿ ಬರಬೇಕು. ಲೈನ್ ತೀರಾ ಕೆಟ್ಟ ದಿನಗಳಿಗೆ ನಾನು ಎರಡು ಬೇರೆ ದಾರಿ ಹಿಡಿಯುತ್ತೇನೆ. ಸಣ್ಣ ತಿದ್ದುಪಡಿಗೆ, ಎಸ್‌ಎಸ್‌ಎಚ್‌ನ ಜಾಗದಲ್ಲಿ ಬಳಸುವ ಮಾಷ್. 2012ರಲ್ಲಿ ಬಂದ ಇದು ನೀವು ಒತ್ತಿದ ಅಕ್ಷರವನ್ನು ಸರ್ವರ್‌ನ ಉತ್ತರಕ್ಕೆ ಕಾಯದೆ ಊಹಿಸಿ ತೋರಿಸುತ್ತದೆ. ಮನೆಯ ವೈಫೈ ಹೋಗಿ ಮೊಬೈಲ್ ಡೇಟಾಗೆ ಹಾರಿದರೂ ಸಂಪರ್ಕ ಕಡಿಯುವುದಿಲ್ಲ. ಮಾಷ್‌ನಲ್ಲಿ ಟನಲ್ ಇಲ್ಲ, ಹಾಗಾಗಿ ಮೇಲೆ ಹೇಳಿದ ನಿಯೋವೈಡ್ ದಾರಿಗೆ ಅದು ಆಗದು. ಜಾಸ್ತಿ ಬರವಣಿಗೆ ಇದ್ದರೆ ಎಡಿಟರನ್ನೇ ಮನೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಮನೆಯ ಜಿವಿಮ್‌ನಲ್ಲಿ ಎಸ್‌ಸಿಪಿ (ಎಸ್‌ಎಸ್‌ಎಚ್ ಮೂಲಕ ಫೈಲ್ ನಕಲು ಮಾಡುವ ದಾರಿ) ವಿಳಾಸ ಕೊಟ್ಟು ಸರ್ವರ್‌ನ ಫೈಲ್ ತೆರೆಯಬಹುದು. ತೆರೆಯುವಾಗ ಒಮ್ಮೆ, ಸೇವ್ ಮಾಡುವಾಗ ಒಮ್ಮೆ ಮಾತ್ರ ಲೈನ್ ಬೇಕು. ನಡುವೆ ಹೊರಗೆ ಗಾಳಿ ಎಷ್ಟೇ ಬೀಸಲಿ, ನಿಮ್ಮ ಮೆನು, ಮೌಸ್ ಎಲ್ಲ ಪೂರ್ತಿ ವೇಗದಲ್ಲಿ ಇರುತ್ತವೆ.

ಕರೆಂಟ್ ಹೋದರೆ? ವಿಮ್ 200 ಅಕ್ಷರ ಟೈಪ್ ಆದಾಗ, ಇಲ್ಲವೇ 4 ಸೆಕೆಂಡ್ ಕೈ ನಿಂತಾಗ, ಸ್ವಾಪ್ ಫೈಲ್‌ಗೆ ಬರೆದಿಡುತ್ತದೆ. ಮತ್ತೆ ತೆರೆಯುವಾಗ ‘ಸ್ವಾಪ್ ಫೈಲ್ ಇದೆ’ ಎಂಬ ಸೂಚನೆ ಬಂದರೆ ಹುಡುಗರು ಗಾಬರಿಯಿಂದ ಡಿಲೀಟ್ ಒತ್ತದಂತೆ ಹೇಳಿ. ಮೊದಲು ಆರ್ ಒತ್ತಿ ರಿಕವರ್ ಮಾಡಿ, ನೋಡಿ, ಸೇವ್ ಮಾಡಿ, ಆಮೇಲೆ ಸ್ವಾಪ್ ಅಳಿಸಲಿ. ಸರ್ವರ್‌ನಲ್ಲಿ ಕೆಲಸ ಮಾಡುವಾಗ ವಿಮ್ ಅನ್ನು ಟಿಮಕ್ಸ್‌ನೊಳಗೆ (ಲೈನ್ ಕಡಿದರೂ ಸರ್ವರ್‌ನಲ್ಲಿ ಕೆಲಸವನ್ನು ಓಡುತ್ತಲೇ ಇಡುವ ತಂತ್ರಾಂಶ) ತೆರೆದರೆ ಈ ಪ್ರಮೇಯವೇ ಕಡಿಮೆ.

ಕೊನೆಗೆ ಕನ್ನಡ. ಇಲ್ಲಿ ನಿಮಗೆ ಜಿವಿಮ್‌ನಿಂದ ನಿರಾಸೆ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ‘ಸ್ತ್ರೀ’ ಎಂಬ ಅಕ್ಷರ ನೋಡಿ. ನಮಗೆ ಅದು ಒಂದೇ. ಯೂನಿಕೋಡ್‌ನಲ್ಲಿ ಆರು ಸಂಕೇತ: ಸ, ಹಲಂತ, ತ, ಹಲಂತ, ರ, ದೀರ್ಘದ ಗುರುತು. ಯುಟಿಎಫ್-8ರಲ್ಲಿ 18 ಬೈಟ್. ಟರ್ಮಿನಲ್ ಅಂದರೆ ಚೌಕಗಳ ಹಲಗೆ, ಒಂದು ಅಕ್ಷರಕ್ಕೆ ಒಂದು ಮನೆ. ವಿಮ್ ತನ್ನ ಲೆಕ್ಕದಲ್ಲಿ ಸ, ತ, ರಗಳಿಗೆ ಬೇರೆ ಬೇರೆ ಮನೆ ಕೊಡುತ್ತದೆ. ಫಾಂಟ್ ಅವನ್ನು ಒಂದರ ಕೆಳಗೊಂದು ಕೂಡಿಸಬೇಕು ಎನ್ನುತ್ತದೆ. ಇಬ್ಬರ ಲೆಕ್ಕ ತಾಳೆಯಾಗದೆ ಒತ್ತಕ್ಷರ ಒಡೆಯುತ್ತದೆ, ಕರ್ಸರ್ ಒಂದು ಕಡೆ, ತಿದ್ದುವುದು ಇನ್ನೊಂದು ಕಡೆ ಆಗುತ್ತದೆ. ಜಿವಿಮ್ ಕಿಟಕಿಯಲ್ಲಿ ಓಡಿದರೂ ಒಳಗೆ ಅದೇ ಚೌಕಗಳ ಹಲಗೆ. ನಿಯೋವೈಡ್‌ನದೂ ಅದೇ ಕಥೆ. ಮುಖ ಬದಲಾಯಿಸಿದರೆ ಸರಿಹೋಗುವ ತೊಂದರೆ ಅಲ್ಲ ಇದು.

ಚೌಕಗಳಿಗೆ ಕಟ್ಟುಬೀಳದೆ ಬಿಡಿಸುವ ಕೀಬೋರ್ಡ್ ಎಡಿಟರ್ ಇಮ್ಯಾಕ್ಸ್. 2020ರ 27ನೇ ಆವೃತ್ತಿಯಿಂದ ಅದರ ಗ್ರಾಫಿಕಲ್ ರೂಪ ಅಕ್ಷರಗಳನ್ನು ಜೋಡಿಸಿ ಆಕಾರ ಕೊಡುವ ಹಾರ್ಫ್‌ಬಝ್ ಎಂಬ ತಂತ್ರಾಂಶ ಬಳಸುತ್ತದೆ, ಕನ್ನಡ ಪುಸ್ತಕದಲ್ಲಿ ಕಾಣುವಂತೆ ಕಾಣುತ್ತದೆ. ಕನ್ನಡ ಟೈಪ್ ಮಾಡಲು ಇನ್‌ಸ್ಕ್ರಿಪ್ಟ್ ಮತ್ತು ಐಟ್ರಾನ್ಸ್ ಎರಡೂ ಒಳಗೇ ಇವೆ, ಕಂಟ್ರೋಲ್ ಜೊತೆ ಬ್ಯಾಕ್‌ಸ್ಲ್ಯಾಷ್ ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್. ವಿಮ್ ಕೀಗಳನ್ನು ಬಿಡಲಾರೆ ಎಂದರೆ ಇವಿಲ್ ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ಟ್ರಾಂಪ್ ಎಂಬ ಸೌಲಭ್ಯದಿಂದ ಸರ್ವರ್‌ನ ಫೈಲನ್ನು ಮನೆಯಲ್ಲಿ ತೆರೆದು ತಿದ್ದಬಹುದು, ಮೇಲೆ ಹೇಳಿದ ಎಸ್‌ಸಿಪಿ ದಾರಿಯಂತೆಯೇ.

ಕನ್ನಡ ಇರುವ ಫೈಲ್‌ಗಳಿಗೆ ಮಾತ್ರ ಇಮ್ಯಾಕ್ಸ್, ಉಳಿದದ್ದಕ್ಕೆ ನಿಮ್ಮ ವಿಮ್. ನಾನು ಮಾಡುವುದು ಹಾಗೆ. ಬದಲಾಯಿಸುವ ಮೊದಲು ನೀವೇ ಒಂದು ಪರೀಕ್ಷೆ ಮಾಡಿ. ಇಮ್ಯಾಕ್ಸ್ ಅನ್ನು ಒಮ್ಮೆ ಟರ್ಮಿನಲ್‌ನಲ್ಲಿ, ಒಮ್ಮೆ ಕಿಟಕಿಯಲ್ಲಿ ತೆರೆದು, ಎರಡರಲ್ಲೂ ಕಂಟ್ರೋಲ್-ಎಚ್, ಆಮೇಲೆ ಎಚ್ ಒತ್ತಿ. ಲೋಕದ ಹಲವು ಭಾಷೆಗಳಲ್ಲಿ ನಮಸ್ಕಾರ ಹೇಳುವ ಪುಟ ತೆರೆಯುತ್ತದೆ. ಅದರಲ್ಲಿ ಕನ್ನಡದ ಸಾಲು ಹುಡುಕಿ. ‘ಸ್ಕಾ’ ಎರಡೂ ಕಡೆ ಹೇಗೆ ಕಾಣುತ್ತದೆ ಎಂದು ಹೋಲಿಸಿ ನೋಡಿ.